ಚಂದಲದೇವಿಯ ಮುಸುಕು

"ರಾಜಕುಮಾರಿ ಚಂದಲದೇವಿಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನು ಕೊಟ್ಟು ಮದುವೆ ಮಾಡಲಾಗುವುದು. ತಪ್ಪಿದವನ ತಲೆ ಉಳಿಯದು" ಎಂದು ಅರಸ ಬಲ್ಲರಸ ಊರೂರಲ್ಲಿ ಡಂಗುರ ಹೊಡೆಸಿದ.

ತುಂಬಿದ ಸಭೆಯಲ್ಲಿ ಮುಸುಕಿನೊಳಗಿಂದ ರಾಜಕುಮಾರಿ ಕೇಳಿದಳು: "ನಾನು ಹುಟ್ಟುವ ಮೊದಲೇ ಕೆಲಸಕ್ಕೆ ನಿಂತು, ನಾನು ಮಲಗಿದರೂ ಮಲಗದವನು ಯಾರು?"

"ಸೂರ್ಯ" ಎಂದ ರಾಜಪುತ್ರ ಸೆರೆಮನೆ ಸೇರಿದ. ಇನ್ನೊಬ್ಬ ಮೊದಲನೆಯದನ್ನು ಬಿಡಿಸಿದ. "ಕರೆಯದೆ ಬಂದು, ಕಿತ್ತೆಸೆದರೂ ಮತ್ತೆ ಬರುವ ಬಿಳಿಯ ಅತಿಥಿ ಯಾರು?" ಎಂದಾಗ "ಮಂಜು" ಎಂದು ಅವನೂ ಸೆರೆಗೆ ಹೋದ. ಹುಣ್ಣಿಮೆ ಕಳೆದೊಡನೆ ಇಬ್ಬರಿಗೂ ಶಿರಚ್ಛೇದವಿತ್ತು.

ಆಮೇಲೆ ಬಂದವನು ಕೇತ, ಅರಮನೆಗೆ ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬರುವವನು.

"ಏನಯ್ಯಾ, ಪ್ರಾಣದ ಮೇಲೆ ಆಸೆ ಇಲ್ಲವೇ?" ಎಂದ ಅರಸ.

"ಇದೆ ಮಹಾಸ್ವಾಮಿ. ಆದರೆ ರಾಜಕುಮಾರಿಯವರೊಡನೆ ಮಾತಾಡಲು ನನ್ನಂಥವನಿಗೆ ಬೇರೆ ದಾರಿಯಿಲ್ಲ."

ಮೊದಲ ಎರಡಕ್ಕೂ ಕೇತ ತಡವರಿಸಲಿಲ್ಲ. "ಒಂದು ಎದೆಯೊಳಗಿನ ಗುಂಡಿಗೆ, ಇನ್ನೊಂದು ನರೆಗೂದಲು" ಎಂದ.

ಚಂದಲದೇವಿಯ ದನಿ ತಗ್ಗಿತು. "ಮೂರನೆಯ ಒಗಟು: ಆ ಗುಂಡಿಗೆಗೂ ನರೆಗೂದಲಿಗೂ ಏನು ನಂಟು?"

"ನನ್ನಣ್ಣನಿಗೆ ಮೀಸೆ ಚಿಗುರುವಾಗಲೇ ತಲೆ ನರೆಯಿತು. ಊರವರು ಅಜ್ಜ ಎಂದು ರೇಗಿಸುತ್ತಿದ್ದರು. ದಿಬ್ಬ ಹತ್ತಿದರೆ ಏದುಸಿರು ಬಿಡುತ್ತಿದ್ದ. ಒಂದು ದಿನ ಎದೆ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಬೇಗ ನರೆತವರೆಲ್ಲರ ಗುಂಡಿಗೆಯೂ ಕೆಟ್ಟಿರುವುದಿಲ್ಲ. ಆದರೆ ಕೆಲವೊಮ್ಮೆ ಆ ಅತಿಥಿ ಗುಂಡಿಗೆಯೇ ಕಳಿಸಿದ ದೂತ. ಮೊನ್ನೆ ನೀವು ಮೆಟ್ಟಿಲ ನಡುವೆ ಎದೆ ಒತ್ತಿಕೊಂಡು ನಿಂತದ್ದನ್ನು ಕಂಡೆ. ಮುಸುಕು ಜಾರಿ ನರೆ ಕಾಣುತ್ತಿತ್ತು. ದಯವಿಟ್ಟು ವೈದ್ಯರಿಗೆ ತೋರಿಸಿ."

ರಾಜಕುಮಾರಿ ಮುಸುಕು ಸರಿಸಿದಳು. "ಇದರ ಉತ್ತರ ನನಗೂ ಖಚಿತವಿರಲಿಲ್ಲ" ಎಂದಳು. "ಅನುಮಾನವಿತ್ತು. ಕೇಳಲು ಹೆದರಿಕೆ."

ಅರಸ ಬಿಳಿಚಿಕೊಂಡ. "ಇವಳ ತಾಯಿಯೂ ಹಾಗೇ ಹೋದಳು. ನಾನು ನಾಚಿಕೆಯೆಂದು ಇವಳ ನರೆ ಮುಚ್ಚಿಸಿದೆ."

ವೈದ್ಯರು ಬಂದು ಮತ್ತೆ ಮತ್ತೆ ನಾಡಿ ನೋಡಿದರು. "ಗುಂಡಿಗೆ ಬಳಲಿದೆ, ಸ್ವಾಮಿ. ಆದರೆ ಕೈಮೀರಿಲ್ಲ. ಔಷಧ, ಪಥ್ಯ, ವಿಶ್ರಾಂತಿ ಸಿಕ್ಕರೆ ಚೇತರಿಸಿಕೊಳ್ಳುತ್ತಾರೆ" ಎಂದರು. ಅರಸ ಸಿಂಹಾಸನದಲ್ಲೇ ಕುಸಿದು ಕೂತು, ನೆರೆದವರ ಮುಂದೆಯೇ ಕಣ್ಣೊರೆಸಿಕೊಂಡ.

ಕೇತ ಮೊದಲು ಕೇಳಿದ್ದು ಸೆರೆಯಲ್ಲಿದ್ದ ಇಬ್ಬರ ಬಿಡುಗಡೆ. ಅದು ಆ ಕ್ಷಣವೇ ಆಯಿತು.

"ಮದುವೆಯ ಮಾತು?" ಎಂದಳು ಚಂದಲದೇವಿ.

"ನಿಮ್ಮ ಮನಸ್ಸಿದ್ದರೆ" ಎಂದ ಕೇತ.

ಮನಸ್ಸಿತ್ತು. ವೈದ್ಯರು ಒಪ್ಪಿದ ಮೇಲೆಯೇ ಲಗ್ನ ನಡೆಯಿತು. ಚಂದಲದೇವಿ ಬಹುಕಾಲ ಬಾಳಿದಳು. ಮೊಮ್ಮಗಳ ಮದುವೆಗೆ ತಾನೇ ನಿಂತು ಚಪ್ಪರ ಹಾಕಿಸಿದಳಂತೆ.