ಮಂಗಟ್ಟೆ ಹಿಡಿದ ಬಾಡಿಗೆ ಪೊಟರೆ

ದೊಡ್ಡ ಕೊಕ್ಕಿನ ಆ ಹಕ್ಕಿಗೆ ನಮ್ಮೂರಲ್ಲಿ ಏನೋ ಅನ್ನುತ್ತಿದ್ದರು. ಮಂಗ... ಹಾಂ, ಮಂಗಟ್ಟೆ! ಊರು ಬಿಟ್ಟು ಇಷ್ಟು ದೂರ ಬಂದರೆ ಹೆಸರೂ ಮರೆಯುತ್ತದೆ.

ಒಂದು ಮಂಗಟ್ಟೆ ಅಳಿಲಿನ ಪೊಟರೆಯನ್ನು ಬಾಡಿಗೆಗೆ ಹಿಡಿಯಿತು. ಬಾಡಿಗೆ ದಿನಕ್ಕೊಂದು ಅತ್ತಿಹಣ್ಣು. "ಇಷ್ಟು ಅಗ್ಗವೇ!" ಎಂದು ಹಿಗ್ಗಿ, ಮತ್ತೇನನ್ನೂ ಕೇಳದೆ, ತನ್ನ ಕುಲದ ಪದ್ಧತಿಯಂತೆ ಹೆಂಡತಿಯನ್ನು ಒಳಗೆ ಕೂರಿಸಿ, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲಿಗೆ ಮಣ್ಣು ಮೆತ್ತಿತು. ಒಳಗೆ ಅವಳು ಮೊಟ್ಟೆಯಿಟ್ಟು ರೆಕ್ಕೆಯ ಗರಿಗಳನ್ನು ಉದುರಿಸಿದಳು. ಇನ್ನು ಗರಿ ಮೂಡುವವರೆಗೆ ಅವಳು ಹಾರುವಂತಿಲ್ಲ.

ಆಗ ಅಳಿಲು ಬಂದು ಹೇಳಿತು: "ಸ್ವಾಮಿ, ನೀವು ಕೂರುವ ಕೊಂಬೆಗೆ ಬೇರೆಯಾಗಿ ಒಂದು ಹಣ್ಣು. ನೆರಳಿಗೆ ಬೇರೆ. ಖಾಲಿ ಮಾಡುವಾಗ ಪೊಟರೆ ಕೆರೆಸಿ ಚೊಕ್ಕ ಮಾಡಿಸುವುದಕ್ಕೂ ಬೇರೆ."

"ಮೊದಲೇ ಹೇಳಬಾರದಿತ್ತೇ?"

"ನೀವು ಮೊದಲೇ ಕೇಳಬಾರದಿತ್ತೇ?"

ಅಂದಿನಿಂದ ಗಂಡ ತಂದ ಹಣ್ಣೆಲ್ಲ ಅಳಿಲಿನ ಪಾಲಾಯಿತು. ಹಸಿದ ಹೆಂಡತಿ ಸೀಳಿನಿಂದ ಕೂಗಿದಳು: "ಇಷ್ಟುದ್ದ ಕೊಕ್ಕು ಹೊತ್ತು ತಿರುಗುತ್ತೀರಿ, ಒಂದು ಮಾತು ಕೇಳಲಿಕ್ಕೆ ಬರಲಿಲ್ಲ. ಮಣ್ಣು ಮೆತ್ತಲಿಕ್ಕಷ್ಟೇ ಲಾಯಕ್ಕು!"

ಮನಸ್ವಿ, ಇದನ್ನು ಬರೆದುಕೋ ಮಗಳೇ. ನಾಳೆ ಬಾಡಿಗೆ ಮನೆಯ ಕರಾರಿಗೆ ಸಹಿ ಹಾಕಲು ಹೊರಟಿದ್ದಾನಲ್ಲ ನನ್ನ ಮಗ, ನಿಮ್ಮಪ್ಪ, ಅವನ ಕಿಸೆಯಲ್ಲಿ ಪೆನ್ನಿನ ಜೊತೆ ಇದನ್ನೂ ಇಡು.