ಬಲಮಂಡಿಯ ವೈರಿ

ಒಂದು ದೇಹದಲ್ಲಿ ಕಾವಲು ತಿರುಗುತ್ತಿದ್ದ ಬಿಳಿ ರಕ್ತಕಣವೊಂದರ ಮೈಮೇಲೆ ತಡೆಗುಂಡಿಯೊಂದಿತ್ತು. ದೇಹದ ಸ್ವಂತ ಕಣಗಳು ಅದನ್ನು ಒತ್ತಿದರೆ ಕಾವಲುಗಾರ ಎತ್ತಿದ ಕೈಯನ್ನು ಇಳಿಸಬೇಕು. ಇದು ಆ ದೇಹದ ಪದ್ಧತಿ. ಅಂದು ಬಲಮಂಡಿಯಲ್ಲಿ ಗುಂಡಿಗೆ ಬೆಳಗಿನಿಂದ ಬಿಡುವೇ ಇರಲಿಲ್ಲ.

“ಮತ್ತೆ ತಡೆದೆಯಾ?” ಎಂದು ಕಣ ಗುಡುಗಿತು.

“ತಡೆದೆ. ನೀನು ಹೊಡೆಯಹೊರಟವಳು ಮಂಡಿಯ ಒಳಪೊರೆಯವಳು, ಮಹಾರಾಯ. ನಾವು ಹುಟ್ಟುವ ಮೊದಲಿನಿಂದ ಇಲ್ಲೇ ಇದ್ದಾಳೆ.”

“ವೈರಿಗಳೆಲ್ಲ ಹಾಗೇ ಹೇಳುವುದು. ನೀನು ಯಾರ ಕಡೆ?”

“ಮಂಡಿಯ ಕಡೆ” ಎಂದಿತು ಗುಂಡಿ, ಹೇಳಿ ಹೇಳಿ ಸಾಕಾಗಿ.

ಕಣ ಗುಂಡಿಯನ್ನು ಮೈಯೊಳಕ್ಕೆ ಎಳೆದುಕೊಂಡು, ಯಾರ ಕೈಗೂ ಸಿಗದಂತೆ ಮಾಡಿ, ಒಳಪೊರೆಯವಳ ಮೇಲೆ ಬಿತ್ತು. ಆಕೆ ಗುಂಡಿಗಾಗಿ ತಡಕಾಡಿದಳು, ಸಿಗಲಿಲ್ಲ. ಮಂಡಿ ಕೆಂಪಾಗಿ ಊದಿತು.

“ನೋಡಿದೆಯಾ?” ಎಂದಿತು ಕಣ. “ವೈರಿ ಇಲ್ಲದೆ ಮಂಡಿ ಊದುತ್ತದೆಯೇ?”

“ನೀನು ಹೊಡೆದದ್ದಕ್ಕೇ ಅದು ಊದಿದ್ದು, ಪುಣ್ಯಾತ್ಮ!” ಎಂದು ಗುಂಡಿ ಒಳಗಿನಿಂದಲೇ ಕೂಗಿಕೊಂಡಿತು.

ಕಣ ತನ್ನ ಬಳಗವನ್ನೆಲ್ಲ ಕರೆಸಿ ಊತವನ್ನು ತೋರಿಸಿತು. ಬಂದವರೂ ಹೊಡೆದರು. ಹೊಡೆದಷ್ಟೂ ಊತ ಹೆಚ್ಚಿತು, ಊತ ಹೆಚ್ಚಿದಷ್ಟೂ ಸಾಕ್ಷಿ ಬಲವಾಯಿತು. ಕೊನೆಗೆ ದೇಹದ ಯಜಮಾನಿ ಏಳಲು ಹೋಗಿ, “ಅಯ್ಯಮ್ಮಾ” ಎಂದು ಕೂತಲ್ಲೇ ಕೂತುಬಿಟ್ಟರು.

“ಇಲ್ಲಿಯ ಕೆಲಸ ಮುಗಿಯಿತು” ಎಂದು ಕಣ ಮೈ ಕೊಡವಿತು. “ನಡೆಯಿರಿ, ಇನ್ನು ಎಡಮಂಡಿಗೆ.”

“ಅಲ್ಲಿ ಊತವೇ ಇಲ್ಲವಲ್ಲ!” ಎಂದಿತು ಗುಂಡಿ.

“ಅದಕ್ಕೇ ನನಗೆ ಅನುಮಾನ” ಎಂದಿತು ಕಣ.