ಕುರಿಗಾರನ ಬಾಗಿಲು

"ಗುರುಗಳೇ, ನಿಯಮವನ್ನು ಒಂದಕ್ಷರವೂ ಬಿಡದೆ ಪಾಲಿಸಿದವನ ಕೈಯಿಂದ ಅನ್ಯಾಯ ನಡೆಯುವುದುಂಟೇ?"

ಕೇಳಿದವನು ಚೆನ್ನವೀರ. ನ್ಯಾಯಾಲಯದ ನೌಕರಿಗೆ ಹೊಸದಾಗಿ ಸೇರಿದವನು. ಹೊಸಬರಿಗೆ ಆರು ವಾರ ಪಾಠ ನಡೆಯುತ್ತಿತ್ತು. ಪಾಠ ಹೇಳುವ ಗುರುಗಳು ಮುದುಕರು. ಕೇಳಿದ ಪ್ರಶ್ನೆಗೆ ಹೌದು, ಇಲ್ಲ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. ಕೂರು ಎಂದು ಕೈ ತೋರಿಸಿ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಅಮೀನನಿದ್ದ. ನ್ಯಾಯಾಲಯದ ಸಮನ್ಸನ್ನು ಜನರಿಗೆ ಮುಟ್ಟಿಸುವುದು ಅವನ ಕೆಲಸ. ತರಬೇತಿಯಲ್ಲಿ ಅವನಿಗೆ ನಾಲ್ಕು ನಿಯಮ ಕಲಿಸಿದ್ದರು. ಕಾಗದವನ್ನು ಆಸಾಮಿಯ ಕೈಗೆ ಕೊಡಬೇಕು. ಆಸಾಮಿ ಸಿಗದಿದ್ದರೆ ಅವನ ಮನೆ ಬಾಗಿಲಿಗೆ ಅಂಟಿಸಬೇಕು. ಅಂಟಿಸಿದ್ದಕ್ಕೆ ಇಬ್ಬರು ಸಾಕ್ಷಿಗಳ ರುಜು ಪಡೆಯಬೇಕು. ಕಾಗದದಲ್ಲಿ ಏನಿದೆ ಎಂದು ತನ್ನ ಬಾಯಿಂದ ಹೇಳಕೂಡದು. ಅಮೀನ ಇವನ್ನು ಊಟಕ್ಕೆ ಮುಂಚೆ ಒಮ್ಮೆ, ಊಟವಾದ ಮೇಲೆ ಒಮ್ಮೆ ಬಾಯಿಪಾಠ ಮಾಡುತ್ತಿದ್ದ.

ಒಬ್ಬ ಉಣ್ಣೆ ವ್ಯಾಪಾರಿ ಒಬ್ಬ ಕುರಿಗಾರನ ಮೇಲೆ ದಾವೆ ಹಾಕಿದ. ಕುರಿಗಾರ ಮೇಯಿಸುತ್ತಿರುವ ನಲವತ್ತು ಕುರಿಗಳು ತನ್ನವು ಎಂದ. ಅದು ಸುಳ್ಳು. ಕುರಿಗಾರನಿಗೆ ಇದ್ದ ಕುರಿಗಳೆಲ್ಲ ಆ ನಲವತ್ತೇ. ಗೊತ್ತುಮಾಡಿದ ದಿನ ಅವನು ನ್ಯಾಯಾಲಯಕ್ಕೆ ಬಂದು ತನ್ನ ಮಾತು ಹೇಳಬೇಕು. ಬಾರದಿದ್ದರೆ ಕುರಿಗಳು ವ್ಯಾಪಾರಿಯ ಪಾಲು.

ಅಮೀನ ಸಮನ್ಸ್ ಹಿಡಿದು ಹೊರಟ. ಕುರಿಗಾರನ ಬಿಡಾರ ಬಯಲಿನಲ್ಲಿತ್ತು. ಮೂರು ಕೋಲು, ಒಂದು ಕಂಬಳಿ. ಕುರಿಗಾರ ಇರಲಿಲ್ಲ. ಸಂಜೆಗೆ ಬರುತ್ತಾನೆ, ಕೂತಿರಿ, ಮಜ್ಜಿಗೆ ಕೊಡುತ್ತೇನೆ ಎಂದಳು ಹೆಂಡತಿ. ಕಾಯಬೇಕು ಎಂಬ ನಿಯಮ ಇರಲಿಲ್ಲ. ಅಂಟಿಸೋಣವೆಂದರೆ ಬಾಗಿಲಿರಲಿಲ್ಲ. ಅಮೀನ ಮಜ್ಜಿಗೆ ಕುಡಿದು ವಾಪಸು ಬಂದ.

ಆಸಾಮಿ ಇಲ್ಲ, ಬಾಗಿಲೂ ಇಲ್ಲ ಎಂದು ವರದಿ ಬರೆದ. ಕಚೇರಿಯ ಮೇಲಧಿಕಾರಿ ಶಿರಸ್ತೇದಾರರು ಅದನ್ನು ಅವನ ಮುಖದ ಮೇಲೆ ಎಸೆದರು. ಬಾಗಿಲಿಲ್ಲದ ಸಂಸಾರ ತಾವು ಕಂಡಿಲ್ಲ, ಹೋಗಿ ನಿಯಮದಂತೆ ಅಂಟಿಸಿ ಬಾ ಎಂದರು.

ಕಚೇರಿಯ ಹಿಂದೆ ಒಂದು ಹಳೆಯ ಬಾಗಿಲು ಬಿದ್ದಿತ್ತು. ಬಯಲಿನ ಗಾಳಿಗೆ ಕಾಗದ ನಿಲ್ಲಲಾರದು ಎಂದು ಅಮೀನ ಕಚೇರಿಯಲ್ಲೇ ಹಿಟ್ಟಿನ ಅಂಟು ಕಾಯಿಸಿ, ಸಮನ್ಸನ್ನು ಬಾಗಿಲಿಗೆ ಅಂಟಿಸಿ, ಒಣಗಿಸಿದ. ಬಾಗಿಲನ್ನು ತಲೆಯ ಮೇಲೆ ಹೊತ್ತು ಹೊರಟ.

ಅರ್ಧ ದಾರಿಯಲ್ಲಿ ಒಬ್ಬ ಎದುರಾದ. ಸರಕಾರದ ಮನುಷ್ಯ ಬಾಗಿಲು ಹೊತ್ತು ಏದುಸಿರು ಬಿಡುವುದನ್ನು ನೋಡಿ ಕನಿಕರಪಟ್ಟು ತಾನೇ ಹೊತ್ತುಕೊಂಡ. ಬಿಡಾರದ ಹತ್ತಿರ ಬಂದಮೇಲೆ ತಿಳಿಯಿತು, ಹೊತ್ತವನೇ ಕುರಿಗಾರ.

ಅಮೀನ ಯೋಚನೆಗೆ ಬಿದ್ದ. ಆಸಾಮಿ ಸಿಕ್ಕಿದ, ಕೈಗೆ ಕೊಡಬೇಕು. ಆದರೆ ಕಾಗದ ಬಾಗಿಲಿಗೆ ಅಂಟಿದೆ. ಕಿತ್ತರೆ ಹರಿಯುತ್ತದೆ. ನ್ಯಾಯಾಲಯದ ಕಾಗದ ಹರಿಯುವುದು ಅಪರಾಧ. ಮೊದಲ ದಿನ ಆಸಾಮಿ ಸಿಕ್ಕಿರಲಿಲ್ಲ ಎಂಬುದಂತೂ ನಿಜ. ಹಾಗಾಗಿ ಬಾಗಿಲಿನ ನಿಯಮವೇ ಸರಿ ಎಂದು ತೀರ್ಮಾನಿಸಿದ. ಬಾಗಿಲನ್ನು ಕಂಬಳಿಗೆ ಒರಗಿಸಿ ನಿಲ್ಲಿಸಿದ.

ಹೆಂಡತಿ ಬಾಗಿಲನ್ನು ಹಿಂದೆ ಮುಂದೆ ಸುತ್ತಿ ನೋಡಿದಳು. ಸರಕಾರದವರು ಗೋಡೆ ಯಾವಾಗ ಕೊಡುತ್ತಾರೆ ಎಂದು ಕೇಳಿದಳು.

ಕುರಿಗಾರನಿಗೆ ಓದು ಬಾರದು. "ಕಾಗದದಲ್ಲಿ ಏನಿದೆ, ಅಣ್ಣಾ?" ಎಂದ.

"ಅದರಲ್ಲೇ ಬರೆದಿದೆ" ಎಂದ ಅಮೀನ.

ಇನ್ನು ಇಬ್ಬರು ಸಾಕ್ಷಿಗಳು ಬೇಕು. ಸುತ್ತ ಹರದಾರಿ ದೂರ ಬೇರೆ ನರಪಿಳ್ಳೆ ಇಲ್ಲ. ಅಮೀನ ಕುರಿಗಾರನ ಹೆಬ್ಬೆಟ್ಟು ಒತ್ತಿಸಿಕೊಂಡ, ಅವನ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿಕೊಂಡ. ಆಸಾಮಿ ಸಿಗದ ಕಾರಣ ಸಾಕ್ಷಿಗಳ ಎದುರು ಬಾಗಿಲಿಗೆ ಅಂಟಿಸಲಾಗಿದೆ ಎಂದು ವರದಿ ಬರೆದ. ಶಿರಸ್ತೇದಾರರು ಭೇಷ್ ಎಂದರು.

ಮರುದಿನ ಬಿಡಾರದ ಮೇಕೆಯೊಂದು ಅಂಟಿನ ರುಚಿ ಕಂಡು ಸಮನ್ಸನ್ನು ತಿಂದಿತು. ಗೊತ್ತುಮಾಡಿದ ದಿನ ಬಂತು. ಕುರಿಗಾರನ ಹೆಸರನ್ನು ಮೂರು ಸಲ ಕೂಗಿದರು. ಅವನು ಬಯಲಿನಲ್ಲಿ ಕುರಿ ಕಾಯುತ್ತಿದ್ದ. ಕುರಿಗಳು ವ್ಯಾಪಾರಿಯ ಪಾಲಾದವು. ಅವನ್ನು ಹೊಡೆದುಕೊಂಡು ಬರಲು ಹೋದವನೂ ಅದೇ ಅಮೀನ.

ಕುರಿಗಾರ ನ್ಯಾಯಾಧೀಶರ ಬಳಿಗೆ ಓಡಿಬಂದ. ತನಗೆ ಯಾರೂ ಏನೂ ಹೇಳಲಿಲ್ಲ ಎಂದು ಅತ್ತ. ನ್ಯಾಯಾಧೀಶರು ಕಡತ ತರಿಸಿ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಒರೆಸಿದರು.

"ನೀನು ಸಿಗಲಿಲ್ಲ ಎಂಬುದಕ್ಕೆ ಸಾಕ್ಷಿ ಯಾರಯ್ಯಾ?"

"ನಾನೇ, ಬುದ್ಧಿ. ನನ್ನ ಹೆಂಡತಿಯೂ ನೋಡಿದ್ದಾಳೆ."

ಇಡೀ ನ್ಯಾಯಾಲಯ ನಕ್ಕಿತು. ನ್ಯಾಯಾಧೀಶರು ನಗಲಿಲ್ಲ. ಆದೇಶ ರದ್ದುಮಾಡಿ, ಮತ್ತೆ ವಿಚಾರಣೆ ನಡೆಸಿ, ಕುರಿಗಳನ್ನು ಕುರಿಗಾರನಿಗೆ ಕೊಡಿಸಿದರು. ಅಷ್ಟರಲ್ಲಿ ಒಂಬತ್ತು ಕುರಿ ಕಟುಕನ ಮನೆ ಸೇರಿದ್ದವು. ಕುರಿಗಾರ ಉಳಿದ ಮೂವತ್ತೊಂದನ್ನು ಹೊಡೆದುಕೊಂಡು ಹೋದ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ನಗು ತಡೆದುಕೊಂಡು, ಅಂಥ ಅಮೀನನನ್ನು ಕೆಲಸದಿಂದ ತೆಗೆದುಹಾಕಿರಬೇಕಲ್ಲವೇ ಎಂದು ಕೇಳಿದ.

ಗುರುಗಳು ಹೇಳಿದರು: "ಇಲ್ಲ, ಒಂದು ನಿಯಮವನ್ನೂ ಮುರಿದಿಲ್ಲವೆಂದು ಮೆಚ್ಚಿ, ನನ್ನನ್ನು ನಿಮಗೆ ಪಾಠ ಹೇಳಲು ಕೂರಿಸಿದರು."